ಸಿಗಬಾರದ ಹೋರಿಗಳ ಆಟ

ಪಟ್ಟಿ, ಅಂದರೆ ಚಂದಾ, ಕೊಡುವುದರಲ್ಲಿ ನಮ್ಮ ಜನ ಹಿಂದೆ ಬಿದ್ದವರಲ್ಲ. ಗಣಪತಿ ಇರಲಿ, ಭಜನಾ ಮಂಡಳಿಯ ಹಾರ್ಮೋನಿಯಂ ಇರಲಿ, ಶಾಲೆಯ ಕಾಂಪೌಂಡ್ ಇರಲಿ, ನಾಲ್ಕು ಜನ ರಸೀದಿ ಪುಸ್ತಕ ಹಿಡಿದು ಬಾಗಿಲಿಗೆ ಬಂದರೆ ಗೊಣಗುತ್ತಲೇ ಕೊಟ್ಟು ಕಳಿಸುತ್ತಾರೆ. ಗೊಣಗುವುದೂ ಪದ್ಧತಿ, ಕೊಡುವುದೂ ಪದ್ಧತಿ. ಆಮೇಲೆ ಗಣಪತಿ ಬಂದಾಗ ಸೊಂಡಿಲು ಗಿಡ್ಡವಾಯಿತೆಂದು ಆಕ್ಷೇಪ ಎತ್ತುವ ಹಕ್ಕು ಕೊಟ್ಟವರಿಗೆಲ್ಲ ಬರುತ್ತದೆ. ರಾಣೆಬೆನ್ನೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನಾನು ಪಟ್ಟಿ ಎತ್ತುವವರ ಸಾಲಿನಲ್ಲಿ ಮೊದಲಿನಿಂದಲೂ ಮುಂದೆ. ಆದರೆ ವಿಡಿಯೋ ಗೇಮಿಗೆ ಜನರಿಂದ ದುಡ್ಡು ಕೂಡಿಸಿದರೆ ಕೊನೆಗೆ ಏನಾದರೂ ಕೈಗೆ ಬರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡುವ ಯೋಗ್ಯತೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರರಲ್ಲೂ ನನಗೊಬ್ಬನಿಗೇ ಬಂದೀತೆಂದು ಎಣಿಸಿರಲಿಲ್ಲ. ಹೇಗೆ ಬಂತೆಂದು ಹೇಳಿಕೊಳ್ಳಲು ಸ್ವಲ್ಪ ಸಂಕೋಚವೂ ಇದೆ.

ಹಾವೇರಿಯಲ್ಲಿರುವ ನನ್ನ ಅಕ್ಕನ ಮಗಳು ವೀಣಾ ಅಲ್ಲಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ಆ ಕೆಲಸ ಬಿಟ್ಟು, ಮೊಬೈಲಿನಲ್ಲಿ ಆಡುವ ಆಟ ತಯಾರಿಸುತ್ತೇನೆಂದು ಮನೆಯಲ್ಲಿ ಕೂತಳು. ಆಟವೇನೋ ನಮ್ಮದೇ, ಹೋರಿ ಬೆದರಿಸುವ ಹಬ್ಬ. ದೀಪಾವಳಿ ಬಂತೆಂದರೆ ನಮ್ಮ ಕಡೆ ಹೋರಿಗಳಿಗೆ ಕೊಬ್ಬರಿ ಹಾರ ಕಟ್ಟಿ, ಸಿಂಗರಿಸಿ, ಜನರ ನಡುವೆ ಓಡಲು ಬಿಡುತ್ತಾರೆ. ಹಿಡಿದು ಕೊಬ್ಬರಿ ಹರಿದುಕೊಂಡವನು ಗೆದ್ದ. ಯಾರ ಕೈಗೂ ಸಿಗದೆ ಪಾರಾದರೆ ಹೋರಿ ಗೆದ್ದಿತು. ಸಿಗದ ಹೋರಿಗೆ ಬಿರುದು, ಅಭಿಮಾನಿಗಳು, ಅದರ ಫೋಟೋ ಇರುವ ಟೀ ಶರ್ಟು ಎಲ್ಲ ಉಂಟು. ಮನುಷ್ಯರಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ನೋಡಿಲ್ಲ. ಅಕ್ಕ ಮಗಳಿಗೆ ದೀಪಾವಳಿಯವರೆಗೆ ವಾಯಿದೆ ಕೊಟ್ಟಿದ್ದಳು. ಅಷ್ಟರೊಳಗೆ ಆಟ ಹೊರಗೆ ಬರದಿದ್ದರೆ ವೀಣಾ ಬಾಯಿ ಮುಚ್ಚಿಕೊಂಡು ತಿರುಗಿ ಕಾಲೇಜಿಗೆ ಹೋಗಬೇಕು.

ಚಿತ್ರ ಬರೆಯುವವರಿಗೆ, ಸಂಗೀತ ಮಾಡುವವರಿಗೆ ಕೊಡಲು ದುಡ್ಡು ಬೇಕಿತ್ತು. ಅದಕ್ಕೆಂದು ಅವಳು ಕ್ರೌಡ್ ಫಂಡಿಂಗ್ ಎಂದು ಜನರಿಂದ ದುಡ್ಡು ಕೂಡಿಸುವ ಒಂದು ಜಾಲತಾಣದಲ್ಲಿ ಇಂಗ್ಲಿಷಿನಲ್ಲಿ ವಿವರ ಬರೆದು ಹಾಕಿದಳು. ಕೊಟ್ಟವರು ಇಬ್ಬರು: ಒಬ್ಬ ಯಾವುದೋ ದೇಶದವನು, ಇನ್ನೊಬ್ಬಳು ಅವಳ ಗೆಳತಿ. ನನಗೆ ಕನಿಕರ ಬಂತು. “ಹಂಗ ಫೋನಿನ್ಯಾಗ ಬರದ್ರ ಯಾರ ಕೊಡ್ತಾರವಾ? ಮನಿ ಬಾಗಲಕ್ಕ ಹೋಗಿ ನಿಂದರಬೇಕು. ನಾ ಅದೀನಲ್ಲ, ಬಿಡು,” ಎಂದೆ. ಆ ಮಾತು ಆಡುವಾಗ ನನ್ನ ಎದೆ ಸ್ವಲ್ಪ ಉಬ್ಬಿತ್ತೆಂದು ಈಗ ಅನಿಸುತ್ತದೆ.

ಮೊದಲು ಹೋದದ್ದು ಮೇಡ್ಲೇರಿಗೆ, ಹನುಮಂತಪ್ಪನ ಮನೆಗೆ. ಆತನ ಹೋರಿಯ ಹೆಸರು ಮೇಡ್ಲೇರಿ ಮಿಂಚು. ಆತ ಚಹಾ ಕೊಟ್ಟ, ದುಡ್ಡೂ ಕೊಟ್ಟ. “ಸಾವಕಾರ್ರ, ನಮ್ಮ ಮಿಂಚು ಆಟದಾಗ ಇರಬೇಕು. ಆದ್ರ ಯಾರ ಕೈಗೂ ಸಿಗಬಾರದು ನೋಡ್ರಿ, ಅಷ್ಟ,” ಎಂದ. ನ್ಯಾಯವಾದ ಬೇಡಿಕೆ ಅನಿಸಿತು. ಬಣ್ಣ ಹೋಗಬಾರದು ಎಂದು ಗಿರಾಕಿ ಹೇಳಿದರೆ ಹೋಗುವುದಿಲ್ಲ ಎನ್ನುವುದು ನಮ್ಮ ವ್ಯಾಪಾರದ ರೂಢಿ. ಆಗಲಿ ಎಂದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುವ ರಾಜೇಸಾಬರು, ಆ ಘಾಟಿನಲ್ಲಿ ನಾನು ಸೀನುತ್ತಿದ್ದಾಗಲೇ ಹೇಳಿದರು: “ನಮ್ಮ ಬೆಂಕಿ ಹೋರಿ ಖರೇ ಅಖಾಡದಾಗ ಸಿಕ್ಕಿಲ್ಲ. ಇನ್ನ ಫೋನಿನ್ಯಾಗ ಸಿಕ್ಕರ ಮಂದಿ ಏನಂತಾರ್ರಿ?” ಅದಕ್ಕೂ ಆಗಲಿ ಎಂದೆ. ಕುಪ್ಪೇಲೂರಿನಲ್ಲಿ ಡಾಕ್ಟರ್ ಎಂಬ ಹೋರಿ ಇದೆ. ಅಡ್ಡ ಬಂದವರನ್ನು ಆಸ್ಪತ್ರೆಗೆ ಕಳಿಸುವುದರಿಂದ ಆ ಹೆಸರು. ಅದರ ಅಭಿಮಾನಿ ಬಳಗದವರದೂ ಅದೇ ಮಾತು. ಹೀಗೆ ಊರೂರು ತಿರುಗಿ, ಎಲ್ಲರಿಗೂ ಆಗಲಿ ಎಂದು, ಸಂಜೆ ವೀಣಾಳಿಗೆ ಫೋನ್ ಮಾಡಿ ತಿಳಿಸುತ್ತಿದ್ದೆ. ಅವಳೂ ಆ ಪ್ರಕಾರ ಮಾಡುತ್ತ ಹೋದಳು.

ಆಟ ಮುಗಿಯುವುದು ತಡವಾಯಿತು. ದುಡ್ಡು ಕೊಟ್ಟವರು ಸಂತೆಗೆ ಬಂದಾಗಲೆಲ್ಲ ಅಂಗಡಿಗೆ ಬಂದು, ಗಾದಿಯ ಮೇಲೆ ಕೂತು, “ಎಲ್ಲಿಗೆ ಬಂತ್ರಿ ಆಟ?” ಎಂದು ಕೇಳುತ್ತಿದ್ದರು. ಸುಮ್ಮನೆ ಎದ್ದು ಹೋಗಲು ಅವರಿಗೂ ನಾಚಿಕೆಯಾಗಿ ಒಂದು ಟವೆಲ್ ಒಯ್ಯುತ್ತಿದ್ದರು. ಆ ಮಳೆಗಾಲ ಟವೆಲಿನ ವ್ಯಾಪಾರ ಒಳ್ಳೆಯದಾಯಿತು.

ದಸರೆಯ ಹೊತ್ತಿಗೆ ವೀಣಾ ಆಟವನ್ನು ಪರೀಕ್ಷೆಗೆಂದು ತಂದಳು. ಎಲ್ಲರನ್ನೂ ಅಂಗಡಿಗೆ ಕರೆದಿದ್ದೆ. ಹನುಮಂತಪ್ಪ ಮಿಂಚನ್ನು ಹಿಡಿಯಲು ನೋಡಿದ, ಸಿಗಲಿಲ್ಲ. ಹೆಮ್ಮೆಯಿಂದ ಕಣ್ಣಲ್ಲಿ ನೀರು ತಂದುಕೊಂಡ. ರಾಜೇಸಾಬರೂ ತಮ್ಮ ಬೆಂಕಿ ಸಿಗದಿದ್ದುದನ್ನು ಕಂಡು ಎಲ್ಲರಿಗೂ ಚಹಾ ಹೇಳಿದರು. ಚಹಾ ಬರುವಷ್ಟರಲ್ಲಿ ಹನುಮಂತಪ್ಪ ಬೆಂಕಿಯ ಬೆನ್ನು ಹತ್ತಿದ್ದ, ರಾಜೇಸಾಬರು ಮಿಂಚಿನ ಬೆನ್ನು ಹತ್ತಿದ್ದರು.

“ಇದ್ಯಾಕ ಸಿಗವಲ್ದು?” ಎಂದ ಹನುಮಂತಪ್ಪ. “ಹ್ವಾದ ವರ್ಷ ಇದರ ಕೊಬ್ಬರಿ ನಮ್ಮ ತಮ್ಮನ ಹರದಾನ!”

“ಸುಳ್ಳ ಹೇಳಬ್ಯಾಡ್ರಿ. ನಿಮ್ಮ ಮಿಂಚಿಗೇನು, ಎರಡು ಹೆಜ್ಜಿ ಓಡಿದ್ರ ದಮ್ಮು,” ಎಂದರು ರಾಜೇಸಾಬರು.

ಕುಪ್ಪೇಲೂರಿನವರು ಇದು ಆಟವಲ್ಲ, ಮೋಸ ಎಂದರು. ಇಡೀ ಆಟದಲ್ಲಿ ಒಂದು ಹೋರಿಯೂ ಸಿಗುವುದಿಲ್ಲ ಎಂಬುದು ಆಗ ನನ್ನ ತಲೆಗೆ ಹೊಳೆಯಿತು. ಒಬ್ಬೊಬ್ಬರಾಗಿ ಕೇಳಿದಾಗ ಅದು ಹೊಳೆದಿರಲಿಲ್ಲ. ಅವರೆಲ್ಲ ಹೋದ ಮೇಲೆ ವೀಣಾ ಮೊಬೈಲನ್ನು ಕೆಳಗಿಟ್ಟು, “ಮಾಮಾ, ಸಿಗೂ ಹೋರಿ ಒಂದರ ಬೇಕ್ರಿ. ಇಲ್ಲಂದ್ರ ಯಾರೂ ಆಡೂದಿಲ್ಲ. ಅವ್ವ ಆಗಲೇ ಕಾಲೇಜಿನವರ ಕೂಡ ಮಾತಾಡಾಕತ್ತಾಳ,” ಎಂದಳು. ಅವಳ ಮುಖ ನೋಡಿ ನನಗೆ ನಿಜವಾಗಿಯೂ ಕೆಟ್ಟದೆನಿಸಿತು. ಅವಳ ಆಟ ಕೆಡಿಸಿದವನು ನಾನೇ.

ಮರುದಿನದಿಂದ ಮತ್ತೆ ಊರೂರು ತಿರುಗಿದೆ. ನಿಮ್ಮ ಹೋರಿ ಒಂದಿಷ್ಟು ಸಿಕ್ಕರೆ ನಡೆದೀತೇ ಎಂದು ಕೈಮುಗಿದು ಕೇಳಿದೆ. ಮೇಡ್ಲೇರಿಯವರು ಬ್ಯಾಡಗಿಯ ಹೋರಿಯನ್ನು ತೋರಿಸಿದರು, ಬ್ಯಾಡಗಿಯವರು ಮೇಡ್ಲೇರಿಯದನ್ನು. ಕುಪ್ಪೇಲೂರಿನವರು ಚಹಾ ಕೂಡ ಕೊಡಲಿಲ್ಲ. ಬರಿಗೈಲಿ ಹಾವೇರಿಗೆ ಹೋಗಿ ಸೋಫಾದ ಮೇಲೆ ಕುಸಿದು ಕೂತಾಗ ವೀಣಾ ನನ್ನನ್ನೇ ಅಳೆದು ನೋಡುತ್ತಿದ್ದಳು. “ಮಾಮಾ, ನಿಮ್ಮ ಹೆಸರಿಲೆ ಒಂದು ಹೋರಿ ಮಾಡ್ಲೇನ್ರಿ?” ಎಂದು ಕೇಳಿದಳು. ನನ್ನ ಮನೆಯಲ್ಲಿ ಹೋರಿ ಇರಲಿ, ಒಂದು ಕೋಳಿಯೂ ಇಲ್ಲ. ದೊಡ್ಡ ಗೌರವವೆಂದು ತಿಳಿದು ಒಪ್ಪಿಕೊಂಡೆ.

ದೀಪಾವಳಿಗೆ ಸರಿಯಾಗಿ ಆಟ ಹೊರಗೆ ಬಂತು. ಅದರಲ್ಲಿ ‘ರಾಣೆಬೆನ್ನೂರು ಸಾವಕಾರ’ ಎಂಬ ಬಿಳಿ ಹೋರಿ ಇದೆ. ಸ್ವಲ್ಪ ಹೊಟ್ಟೆ ಇದೆ. ಓಡುತ್ತ ಓಡುತ್ತ ನಡುವೆ ನಿಂತು, ಏನೋ ಮರೆತವರಂತೆ ಹಿಂದೆ ತಿರುಗಿ ನೋಡುತ್ತದೆ. ಆಗ ಯಾರು ಬೇಕಾದರೂ ಹಿಡಿಯಬಹುದು. ಥೇಟು ನನ್ನ ಹಾಗೆಯೇ ಎಂದು ಹೆಂಡತಿ ಸಾವಿತ್ರಿ ಮೆಚ್ಚಿಕೊಂಡಳು.

ಮೂರೂ ತಾಲೂಕಿನ ಜನ ನನ್ನ ಮೇಲೆ ಬಿದ್ದರು. ಹನುಮಂತಪ್ಪ ಹಿಡಿದ, ರಾಜೇಸಾಬರು ಹಿಡಿದರು, ಹಿಡಿದ ಖುಷಿಯಲ್ಲಿ ಇಬ್ಬರಿಗೂ ರಾಜಿಯಾಯಿತು. ಹಿಡಿಯಲು ಒಂದು ಸಿಕ್ಕ ಮೇಲೆ ಉಳಿದವು ಸಿಗದ ಬಗ್ಗೆ ಯಾರ ತಕರಾರೂ ಬರಲಿಲ್ಲ. ಕಾಲೇಜಿನ ಸುದ್ದಿಯನ್ನು ಅಕ್ಕ ಮತ್ತೆ ಎತ್ತಲಿಲ್ಲ. ಮಗಳ ಆಟವನ್ನು ನೆರೆಮನೆಯವರಿಗೆ ತೋರಿಸುವುದರಲ್ಲಿ ಅವಳಿಗೆ ಪುರುಸೊತ್ತಿಲ್ಲ. ನಾನು ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಗುರುತಿಲ್ಲದವರು ಬಂದು, “ನೀವ ಅಲ್ರಿ ಸಾವಕಾರ್ರು? ನಿನ್ನೆ ಬಸ್ಸಿನ್ಯಾಗ ಕುಂತ ಹಿಡದೆ ನಿಮ್ಮನ್ನ,” ಎಂದು ಪ್ರೀತಿಯಿಂದ ಕೈಕುಲುಕುತ್ತಾರೆ. ಮೊಬೈಲಿನಲ್ಲಿ ಎಂದೂ ಆಟ ಆಡದ ಸಾವಿತ್ರಿ ಈಗ ಕುಕ್ಕರ್ ಕೂಗುವಷ್ಟರಲ್ಲಿ ನನ್ನ ಕೊಬ್ಬರಿ ಹರಿದು, “ಭಾಳ ಲಗೂ ಸಿಗತೀರಿ ನೀವು,” ಎನ್ನುತ್ತಾಳೆ.

ಎಷ್ಟು ದಿನ ತಡೆದುಕೊಳ್ಳುವುದು? ಹೋದ ವಾರ ಯಾರಿಗೂ ಹೇಳದೆ ಹಾವೇರಿಗೆ ಹೋದೆ. ವೀಣಾಳ ಕೈಯಲ್ಲಿ ದುಡ್ಡಿನ ಲಕೋಟೆ ಇಟ್ಟು, “ನನ್ನ ಹೋರಿ ಇನ್ನ ಮ್ಯಾಲೆ ಯಾರಿಗೂ ಸಿಗಬಾರದು ನೋಡವಾ,” ಎಂದೆ.

ಅವಳು ಲಕೋಟೆಯನ್ನು ನನ್ನ ಅಂಗಿಯ ಜೇಬಿಗೆ ತುರುಕಿದಳು. “ಮಾಮಾ, ನೀವು ಸಿಗತೀರಿ ಅಂತನ ಮಂದಿ ಆಡಾಕತ್ತಾರ್ರಿ,” ಎಂದಳು.

ಕ್ರೌಡ್ ಫಂಡಿಂಗಿನಿಂದ ಪ್ರಯೋಜನ ಉಂಟೇ ಎಂದು ಈಗಲೂ ಕೆಲವರು ಕೇಳುತ್ತಾರೆ. ಉಂಟು ಎನ್ನುತ್ತೇನೆ. ಈ ಆಟಕ್ಕೆ ದುಡ್ಡು ಕೊಡಹೋಗಿ ಪೂರ್ತಿ ವಾಪಸ್ ಪಡೆದವನು ನಾನೊಬ್ಬನೇ.