ಇನ್ನೂರು ಷೇರು, ಒಟ್ಟು ಸೊನ್ನೆ

ಚಿತ್ರದುರ್ಗದಲ್ಲಿ ಕೋಟೆ ಕಡೆ ಹೋಗುವ ರಸ್ತೆಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ತೆರಿಗೆ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. ಮನೆಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಷೇರು ಬರೆಯಲು ಹೋಗಿ ಸಿಕ್ಕಿಹಾಕಿಕೊಂಡವರನ್ನು ಬಿಡಿಸುವುದು ನನ್ನ ಹಣೆಬರಹ. ವಾರಕ್ಕೆ ಒಬ್ಬರಾದರೂ ಬಾಗಿಲಲ್ಲೇ ನಿಂತು, "ಮೇಡಮ್ಮ, ಸಾಫ್ಟ್‌ವೇರ್ ಕೆಟ್ಟೈತೆ" ಅನ್ನುತ್ತಾರೆ. ಇಷ್ಟು ವರ್ಷದಲ್ಲಿ ಸಾಫ್ಟ್‌ವೇರ್ ಕೆಟ್ಟಿದ್ದನ್ನು ನಾನು ಒಂದು ಸಲವೂ ಕಂಡಿಲ್ಲ. ಹೋದ ತಿಂಗಳು ಮೂರೇ ದಿನದಲ್ಲಿ ಆದದ್ದನ್ನು ಕೇಳಿ, ನಿಮಗೇ ಗೊತ್ತಾಗುತ್ತದೆ.

ಸಿಸ್ಟರಮ್ಮನ ಸೊನ್ನೆ

ಗುರುವಾರ ಹಿರಿಯೂರಿನಿಂದ ನಿವೃತ್ತ ನರ್ಸ್ ಒಬ್ಬರು ಬಂದರು. ಊರಿಗೆಲ್ಲ ಅವರು ಸಿಸ್ಟರಮ್ಮ. ಒಂದು ಖಾನಾವಳಿ ಇಡಬೇಕೆಂಬುದು ಅವರ ಬಹಳ ದಿನದ ಆಸೆ. ಬಸ್‌ಸ್ಟ್ಯಾಂಡ್ ಹತ್ತಿರ ಮಳಿಗೆಯೂ ಸಿಕ್ಕಿತ್ತು. ಬುಧವಾರದೊಳಗೆ ಅಡ್ವಾನ್ಸ್ ಕೊಡದಿದ್ದರೆ ಅದು ಮೊಬೈಲ್ ಅಂಗಡಿಯವನ ಪಾಲು. ತಮ್ಮ ಇನ್ನೂರು ಷೇರು ಮಾರಿ ಕೊಟ್ಟರಾಯಿತು ಎಂದು ಲೆಕ್ಕ ತೆಗೆದರೆ, ಸಾಫ್ಟ್‌ವೇರ್ ಷೇರಿನ ಬಾಬ್ತು ಒಟ್ಟು ಸೊನ್ನೆ ಅನ್ನುತ್ತಿದೆಯಂತೆ.

"ಮೂವತ್ತು ವರ್ಷ ಡ್ಯೂಟಿ ಮಾಡಿ ಕೂಡಿಟ್ಟದ್ದವ್ವ," ಅಂದರು. ನನಗೂ ಸಂಕಟವಾಯಿತು.

"ಲ್ಯಾಪ್‌ಟಾಪ್ ಎಲ್ಲಿ ಸಿಸ್ಟರಮ್ಮ?"

"ಬಸ್ಸಿನಾಗೆ ರಶ್ ಐತೆ ಅಂತ ಮನೇಲೇ ಬಿಟ್ಟು ಬಂದೆ. ಫೋಟೋ ತಂದೀನಿ ನೋಡು."

ಫೋಟೋದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದದ್ದು ಅವರ ಹೆಬ್ಬೆರಳು. ಅದರ ಪಕ್ಕದಲ್ಲಿ ಆ ಸೊನ್ನೆ.

"ಫೋಟೋ ನೋಡಿ ಔಷಧಿ ಕೊಡಾಕೆ ಬರಲ್ರಿ. ಶನಿವಾರ ಪೇಷಂಟನ್ನೇ ಕರ್ಕಂಡು ಬರ್ರಿ," ಅಂದೆ.

ಸಿಸ್ಟರಮ್ಮ ಎದ್ದು ಚೀಲ ಹೆಗಲಿಗೆ ಹಾಕಿಕೊಂಡರು. "ಈ ಮಾತನ್ನ ಮೂವತ್ತು ವರ್ಷ ಊರಿಗೆಲ್ಲ ನಾನು ಹೇಳೀನಿ. ಕೇಳಿಸ್ಕಳಾಕೆ ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ."

ಷೇರಿನ ತೇವ

ಶುಕ್ರವಾರ ಬೆಳಿಗ್ಗೆ ಭೀಮಸಮುದ್ರದ ಅಡಿಕೆ ವ್ಯಾಪಾರಿ. ಬ್ರೋಕರ್ ಕಳಿಸಿದ ಪಟ್ಟಿಯಲ್ಲಿ ನೂರೈವತ್ತು ಷೇರು, ಸಾಫ್ಟ್‌ವೇರ್‌ನಲ್ಲಿ ನೂರ ನಲವತ್ತೇಳು. ಇಬ್ಬರಲ್ಲಿ ಒಬ್ಬ ಕಳ್ಳ ಎಂದು ತೀರ್ಮಾನಿಸಿಕೊಂಡೇ ಬಂದಿದ್ದರು.

ತೆರೆದು ನೋಡಿದೆ. ನೂರು ಕೊಂಡಾಗ ತೊಂಬತ್ತೆಂಟು, ಐವತ್ತು ಕೊಂಡಾಗ ನಲವತ್ತೊಂಬತ್ತು ಎಂದು ಬರೆದಿತ್ತು.

"ಇದನ್ನ ಬರೆದೋರು ಯಾರ್ರಿ?"

"ನಾನೇ. ಚೀಲದ ತೂಕ, ತೇವ ಅಂತ ಒಂದೀಟು ಕಳೀಬೇಕಲ್ಲ ಮೇಡಮ್ಮ."

"ಅಡಿಕೆಗಾದ್ರೆ ಸರಿ. ಷೇರಿಗೆ ಎಂಥ ತೇವ?"

ಅವರು ನನ್ನನ್ನು ಕನಿಕರದಿಂದ ನೋಡಿದರು. "ರೇಟು ದಿನಾ ಇಳೀತಾ ಐತೆ ನೋಡ್ರಿ. ಒಣಗದೆ ಇಳಿಯೋ ಮಾಲು ನನ್ನ ಸರ್ವೀಸಿನಾಗೇ ಕಂಡಿಲ್ಲ."

ಮಂಗಳವಾರದ ಮೇಷ್ಟ್ರು

ಅದೇ ಮಧ್ಯಾಹ್ನ ಹೊಳಲ್ಕೆರೆಯ ಮೇಷ್ಟ್ರು ಹೆಂಡತಿಯ ಜೊತೆ ಬಂದರು. ಅವರ ಲೆಕ್ಕ ಒಂದು ಬುಧವಾರದ ದಿನ ಮೈನಸ್ ಇಪ್ಪತ್ತು ಷೇರು ತೋರಿಸುತ್ತಿತ್ತು. ಇಲ್ಲದ ಷೇರು ಮಾರಿದ ಹಾಗೆ. ಮೇಷ್ಟ್ರಿಗೆ ಊಟ ಸೇರುತ್ತಿಲ್ಲ ಎಂದು ಆಯಮ್ಮ ದೂರಿದರು.

ನೋಡಿದರೆ ಬುಧವಾರ ಮಾರಿದ್ದಾರೆ, ಗುರುವಾರ ಕೊಂಡಿದ್ದಾರೆ. ಬಿಡಿಸಿ ಕೇಳಿದಾಗ ನಿಜ ಹೊರಬಿತ್ತು. ಕೊಂಡದ್ದು ಮಂಗಳವಾರವೇ. ಮಂಗಳವಾರ ಮನೆಗೆ ಹೊಸದು ತರಬಾರದೆಂದು ಗುರುವಾರದ ತಾರೀಖು ಬರೆದಿದ್ದರು.

"ಹಂಗಾದ್ರೆ ಮಾರಿದ್ದನ್ನ ಶುಕ್ರವಾರಕ್ಕೆ ಹಾಕ್ರಿ," ಅಂದರು ಮೇಷ್ಟ್ರು. ಮರುಕ್ಷಣ ತಾವೇ ಬೆಚ್ಚಿ, "ಬ್ಯಾಡ ಬ್ಯಾಡ, ಶುಕ್ರವಾರ ಲಕ್ಷ್ಮೀನ ಹೊರಗೆ ಕಳಿಸಬಾರ್ದು. ಶನಿವಾರ ಇರ್ಲಿ."

"ಶನಿವಾರ ಮಾರ್ಕೆಟ್ ರಜಾ ಮೇಷ್ಟ್ರೆ."

ಅಷ್ಟರಲ್ಲಿ ಆಯಮ್ಮ ಬಾಯಿ ಹಾಕಿದರು. "ಅದ್ರಾಗೆ ಲಾಭ ಬಂತೋ ನಷ್ಟ ಬಂತೋ?"

"ಲಾಭ," ಅಂದೆ.

"ಹಂಗಾದ್ರೆ ಮಂಗಳವಾರನೇ ಇರ್ಲಿ ಬಿಡ್ರಿ. ಬರೋ ಮಂಗಳವಾರನೂ ಒಂದೀಟು ತಗಳ್ಳಿ."

ಮುಯ್ಯಿ

ಶನಿವಾರ ಸಿಸ್ಟರಮ್ಮ ಲ್ಯಾಪ್‌ಟಾಪನ್ನು ಹಸುಗೂಸಿನ ಹಾಗೆ ದುಪ್ಪಟಿಯಲ್ಲಿ ಸುತ್ತಿ ತಂದರು. ಬುಧವಾರಕ್ಕೆ ಇನ್ನು ನಾಲ್ಕೇ ದಿನ. ತೆರೆದೆ. ಒಂದು ಕಡೆ ಅವರ ಇನ್ನೂರು ಷೇರು ಇದ್ದವು. ಇನ್ನೊಂದು ಕಡೆ, 'ಕೊಡಬೇಕಾದದ್ದು' ಎಂಬಲ್ಲಿ, ಅದೇ ಕಂಪನಿಯ ಇನ್ನೂರು ಷೇರಿನ ಬೆಲೆ. ಎದುರಿಗೆ 'ಮುಯ್ಯಿ' ಎಂದು ಬರೆದಿತ್ತು. ಅದರಲ್ಲಿ ಇದನ್ನು ಕಳೆದರೆ ಸೊನ್ನೆಯಲ್ಲದೆ ಮತ್ತೇನು ಬರಬೇಕು?

"ಇದೇನ್ರಿ ಮುಯ್ಯಿ?"

"ಕಂಪ್ನಿಯೋರು ಬೋನಸ್ ಅಂತ ಇನ್ನೂರು ಷೇರು ಪುಕ್ಕಟೆ ಹಾಕ್ಯಾರವ್ವ. ನಮ್ಮನೇಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಆದ್ರೂ ಮಾಡ್ಯಾರೆ. ತಿಂದು ಕುಂತ್ಕಳಾಕೆ ಆಗ್ತೈತಾ? ಅವ್ರ ಮನೇಲಿ ಕಾರ್ಯ ಆದಾಗ ವಾಪಸ್ ಮಾಡ್ಬೇಕಲ್ಲ. ಅದಕ್ಕೆ ಬರೆದಿಟ್ಟೆ."

ನಗು ತಡೆಯಲು ನಾನು ನೀರು ಕುಡಿಯಬೇಕಾಯಿತು. ಬೋನಸ್ ಷೇರು ಮುಯ್ಯಿಯಲ್ಲ, ಅದೂ ನಿಮ್ಮದೇ, ಯಾರಿಗೂ ಮರಳಿಸಬೇಕಿಲ್ಲ ಎಂದು ಸಮಾಧಾನವಾಗಿ ಹೇಳಿದೆ. 'ಕೊಡಬೇಕಾದದ್ದು' ಅಳಿಸಿ, ಬೋನಸ್ ಇನ್ನೂರನ್ನೂ ಸೇರಿಸಿ ಅವರ ಲೆಕ್ಕದಲ್ಲಿ ನಾನೂರು ಷೇರು ಬರೆದೆ. ಸೊನ್ನೆ ಇದ್ದ ಜಾಗದಲ್ಲಿ ದೊಡ್ಡ ಮೊತ್ತ ಬಂತು. ಸಿಸ್ಟರಮ್ಮ ಕನ್ನಡಕ ಒರೆಸಿಕೊಂಡು ಅದನ್ನು ಮೂರು ಸಲ ಓದಿದರು. ಆಮೇಲೆ ಕಣ್ಣೂ ಒರೆಸಿಕೊಂಡರು. ಈ ಕಸುಬಿನಲ್ಲಿ ಇಂಥ ಖುಷಿ ದಿನಾ ಸಿಗುವುದಿಲ್ಲ.

ಸೋಮವಾರ ಷೇರು ಮಾರಿದರು, ಬುಧವಾರ ಅಡ್ವಾನ್ಸ್ ಕೊಟ್ಟರು. ಮಾರಿದ್ದು ಮಾತ್ರ ಇನ್ನೂರೇ. ಉಳಿದದ್ದನ್ನು ಕಷ್ಟಕಾಲಕ್ಕೆ ಇಟ್ಟುಕೊಂಡಿರಬೇಕು ಅಂದುಕೊಂಡೆ.

ಮೊನ್ನೆ ಖಾನಾವಳಿ ಶುರುವಾಯಿತು. ಹಿರಿಯೂರಿಗೆ ಹೋಗಿ ಬಿಸಿ ರೊಟ್ಟಿ, ಎಣ್ಣೆಗಾಯಿ ಹೊಟ್ಟೆ ಬಿರಿಯುವಂತೆ ತಿಂದೆ. ಕೂರಲು ಜಾಗವಿಲ್ಲದೆ ಜನ ಬಾಗಿಲಲ್ಲಿ ಕಾಯುತ್ತಿದ್ದರು. ಹೊರಡುವಾಗ ನೂರೊಂದು ರೂಪಾಯಿ ಕವರಿನಲ್ಲಿಟ್ಟು ಸಿಸ್ಟರಮ್ಮನ ಕೈಗೆ ಕೊಟ್ಟೆ. ಅವರು ಗಲ್ಲಾಪೆಟ್ಟಿಗೆಯಿಂದ ಹೊಸ ನೋಟ್‌ಬುಕ್ ತೆಗೆದು ನನ್ನ ಹೆಸರು ಬರೆದುಕೊಂಡರು.

ಇಣುಕಿ ನೋಡಿದೆ. ನನ್ನದು ಎರಡನೇ ಹೆಸರು. ಮೊದಲನೇ ಸಾಲಿನಲ್ಲಿ ಕಂಪನಿಯ ಹೆಸರು, ಇನ್ನೂರು ಷೇರು. ಅದರ ಮುಂದೆ ಕೆಂಪು ಪೆನ್ನಿನಲ್ಲಿ ಬರೆದಿತ್ತು: ಕಾರ್ಯಕ್ಕೆ ಇನ್ನೂ ಕರೆದಿಲ್ಲ.