ಗಾಯಕಿಗೂ ಪೈಲ್ವಾನನಿಗೂ ನಡುವಿನ ಆರಡಿ

ಗಡಿಯಾರ ರಿಪೇರಿಯವನು ತೀರಿಕೊಂಡ ಸುದ್ದಿ ಬೆಳಿಗ್ಗೆ ಬಂದಾಗ ಪಕ್ಕದ ಮನೆಯ ಮೇಷ್ಟ್ರು ನಿಜವಾಗಿಯೂ ಅತ್ತರು. ನಲವತ್ತು ವರ್ಷದ ನೆರೆಯವನು. ಅಷ್ಟರಲ್ಲಿ ಎದುರುಮನೆಯಾಕೆ ಬಂದು, “ಕೇಳಿದ್ರಾ ಮೇಷ್ಟ್ರೇ? ಅವರಿಗೆ ಮೊದಲನೇ ಸಾಲಲ್ಲೇ ಜಾಗ ಮಂಜೂರಾಗಿದೆಯಂತೆ!” ಎಂದಳು. ಕಣ್ಣೀರು ಅಲ್ಲೇ ಇಂಗಿತು.

ಊರಂಚಿನ ಹಳೆಯ ಸ್ಮಶಾನದ ಚರಿತ್ರೆ ಬರೆದವರು ಮೇಷ್ಟ್ರು. ಭಾನುವಾರ ಬಂದವರಿಗೆ ಸಮಾಧಿಗಳನ್ನು ತೋರಿಸಿ ಕತೆ ಹೇಳುವವರೂ ಅವರೇ. ಮೊದಲ ಸಾಲೆಂದರೆ ದೊಡ್ಡವರ ಸಾಲು: ಸೇತುವೆ ಕಟ್ಟಿಸಿದ ಎಂಜಿನಿಯರು, ಹಲ್ಲಿನಲ್ಲಿ ಲಾರಿ ಎಳೆದ ಪೈಲ್ವಾನ, ಕೊನೆಯುಸಿರಲ್ಲೂ ಶ್ರುತಿ ತಪ್ಪದ ಗಾಯಕಿ. ಗಾಯಕಿಗೂ ಪೈಲ್ವಾನನಿಗೂ ನಡುವೆ ಉಳಿದಿದ್ದ ಆರಡಿಯ ಮೇಲೆ ಮೇಷ್ಟ್ರು ಇಪ್ಪತ್ತು ವರ್ಷದಿಂದ, ಬಸ್ಸಿನ ಸೀಟಿಗೆ ಕರವಸ್ತ್ರ ಹಾಕಿದವರಂತೆ, ಮನಸ್ಸು ಹಾಕಿಟ್ಟಿದ್ದರು.

“ಮುಳ್ಳು ತಿರುಗಿಸೋನಿಗೆ ಮೊದಲ ಸಾಲೇ?” ಎಂದು ಗೊಣಗಿದರು ಮೇಷ್ಟ್ರು. ತಮ್ಮ ಚರಿತ್ರೆಯ ಪುಸ್ತಕ ತೆರೆದು ಅಂಚಿನಲ್ಲಿ ಎರಡು ಸಾಲು ಸೇರಿಸಿದರು. ಮುಂದೆ ತಮ್ಮ ಕಾಲ ಬಂದಾಗ ಹೊಡೆದುಹಾಕಿದರಾಯಿತು! ಶಾಯಿಯನ್ನು ಊದಿ ಒಣಗಿಸುತ್ತಲೇ ಸ್ಮಶಾನದ ಕಚೇರಿಗೆ ಓಡಿದರು.

“ಅಗೀಬೇಡಿ! ಅಲ್ಲಿ ಊರಿಗೆ ಮೊದಲ ಬಾವಿ ತೋಡಿದ ಪುಣ್ಯಾತ್ಮ ಮಲಗಿದ್ದಾನೆ!”

ಮ್ಯಾನೇಜರು ಬೆಚ್ಚಿದ. “ಕಲ್ಲೇ ಇಲ್ವಲ್ಲ ಸಾರ್?”

“ಬಡವ ಕಣಯ್ಯ, ಕಲ್ಲು ಹಾಕೋರು ಯಾರು?”

“ಆದ್ರೆ ಸಾರ್, ಆ ಜಾಗ ಮಂಜೂರಾಗಿರೋದು...”

“ಯಾರಿಗಾದ್ರೂ ಆಗಿರ್ಲಿ! ಮುಟ್ಟಿದ್ರೆ ಪಾಪ!”

ಹಳೆಯ ಸಮಾಧಿಯ ಮೇಲೆ ಗುದ್ದಲಿ ಇಡಬಾರದೆಂಬುದು ಅಲ್ಲಿನ ಕಟ್ಟಳೆ. ಮೇಷ್ಟ್ರ ಪುಸ್ತಕವೇ ಅಲ್ಲಿ ವೇದವಾಕ್ಯ. ಮಧ್ಯಾಹ್ನದೊಳಗೆ ಆ ಆರಡಿಯ ಸುತ್ತ ಕಬ್ಬಿಣದ ಬೇಲಿ ಎದ್ದಿತು. ‘ಎಂದೆಂದಿಗೂ ಅಗೆಯತಕ್ಕದ್ದಲ್ಲ’ ಎಂಬ ಹಲಗೆಯೂ ಬಂತು.

ಸಂಜೆ, ಹಿಂದಿನ ಗೋಡೆಯ ಪಕ್ಕ ಗಡಿಯಾರದವನನ್ನು ಮಣ್ಣು ಮಾಡುವಾಗ ಅವನ ಹೆಂಡತಿ ಮೇಷ್ಟ್ರ ಕೈಗೆ ಒಂದು ಕಾಗದ ಕೊಟ್ಟಳು.

“ಅವರು ತಮಗೆ ಅಂತ ಕೇಳಿದ್ದು ಈ ಗೋಡೆ ಪಕ್ಕಾನೇ ಅಣ್ಣಾ. ಮೊದಲ ಸಾಲಿನ ಜಾಗಕ್ಕೆ ಅರ್ಜಿ ಹಾಕಿದ್ದು ನಿಮಗೋಸ್ಕರ. ‘ಎಲ್ಲರ ಕತೆ ಹೇಳಿದೋನಿಗೆ ಅಲ್ಲಿ ಜಾಗ ಬೇಡ್ವಾ? ಅವನು ಬಾಯಿಬಿಟ್ಟು ಕೇಳೋನಲ್ಲ’ ಅಂತ ಆರು ತಿಂಗಳು ಅಲೆದ್ರು.”

ಕಾಗದದಲ್ಲಿ ಮೇಷ್ಟ್ರ ಹೆಸರೇ ಇತ್ತು.

ಮ್ಯಾನೇಜರು ಕೈಮುಗಿದ. “ಎಂಥಾ ದೊಡ್ಡ ಮನಸ್ಸು ಸಾರ್ ನಿಮ್ದು! ಸಿಕ್ಕಿದ ಜಾಗಾನ ಬಾವಿಯವನಿಗೆ ಬಿಟ್ಟುಕೊಟ್ರಲ್ಲ! ಯೋಚ್ನೆ ಮಾಡ್ಬೇಡಿ, ನಿಮಗೂ ಇಲ್ಲೇ, ಇವರ ಪಕ್ಕದಲ್ಲೇ ಬರೆದುಕೊಂಡಿದ್ದೀನಿ.”

“ಪ್ರಾರ್ಥನೆ ನೀವೇ ಹೇಳಿ ಮೇಷ್ಟ್ರೇ,” ಎಂದರು ಸುತ್ತಲಿದ್ದವರು.

ಮೇಷ್ಟ್ರು ಕಣ್ಣು ಮುಚ್ಚಿದರು. “ದೇವರೇ, ಈ ಒಳ್ಳೆಯವನ ಆತ್ಮಕ್ಕೆ ಶಾಂತಿ ಕೊಡು,” ಎಂದು ಗಟ್ಟಿಯಾಗಿ ಹೇಳಿ, ಉಳಿದದ್ದನ್ನು ಮನಸ್ಸಿನಲ್ಲೇ ಬೇಡಿಕೊಂಡರು: “ಪಕ್ಕದಲ್ಲಿ ಬಂದು ಮಲಗುವವನು ಎಂಥವನೆಂದು ಇವನಿಗೆ ತಿಳಿಯದಿರಲಿ. ತಿಳಿದರೂ, ಆ ಶಾಂತಿ ಕದಡದಿರಲಿ.”