ಚಿರಂಜೀವಿಯ ಓವರಾಲ್ ಶೀಲ್ಡು

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎರಡನೇ ಬೋಂಡಕ್ಕೆ ಕೈ ಚಾಚದೆ ಎದ್ದುಹೋಗಿದ್ದರೆ ಚಿರಂಜೀವಿ ಆ ಶನಿವಾರ ಮರ್ಯಾದೆಯಾಗಿ ಮನೆ ಸೇರಿ ಮಧ್ಯಾಹ್ನದ ನಿದ್ದೆ ಮಾಡುತ್ತಿದ್ದ. ಬೋಂಡ ಬಿಸಿಯಾಗಿತ್ತು, ಕೈ ಚಾಚಿದ. ಅಷ್ಟರಲ್ಲಿ ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಕೆಜಿಎಫ್‌ಗೆ ಕೆಲಸಕ್ಕೆ ಬರುವ ಬಾಮೈದ ಶ್ರೀಧರ ತಟ್ಟೆ ಹಿಡಿದುಕೊಂಡು ಎದುರಿಗೆ ಬಂದು ಕೂತ.

"ಭಾವ, ಒಂದ್ ಮಾತು ಏಳ್ತೀನಿ, ಬೇಜಾರ್ ಮಾಡ್ಕೋಬೇಡಿ. ನವ್ಯನ್ನ ನಮ್ಮ ಜಂಕ್ಷನ್ ಕಾಲೇಜಿಗೇ ಸೇರ್ಸಿ. ಓಡೋ ಉಡುಗಿ. ಆಟೋಟ ಅಂದ್ರೆ ಬಂಗಾರಪೇಟೆ ಮುಂದೆ ಇನ್ಯಾರೂ ನಿಲ್ಲಲ್ಲ."

ತನ್ನ ಮಗಳು ಬಂಗಾರಪೇಟೆಗೆ? ಬೋಂಡ ಚಿರಂಜೀವಿಯ ಗಂಟಲಲ್ಲೇ ನಿಂತಿತು. ಈಗ ಅವನು ಸ್ಟೋರಿನ ಗುಮಾಸ್ತ, ಹೊಟ್ಟೆ ಬೆಲ್ಟಿನ ಮಾತು ಕೇಳುವುದಿಲ್ಲ, ಎಲ್ಲ ನಿಜ. ಆದರೆ ಒಂದು ಕಾಲದಲ್ಲಿ ಅವನು ಕೆಜಿಎಫ್‌ನ ಸುವರ್ಣಗಿರಿ ಕಾಲೇಜಿನ ರಿಲೇ ತಂಡದಲ್ಲಿ ಮೂರನೆಯವನಾಗಿ ಓಡಿದ್ದ. ಆಂಡರ್ಸನ್‌ಪೇಟೆಯ ಅವನ ಮನೆಗೆ ಬಂದವರಿಗೆ ಕಾಫಿಗಿಂತ ಮೊದಲು ಆ ಓಟದ ಕತೆ ಸಿಗುತ್ತದೆ. ಅಂದು ಹಿಡಿದು ಓಡಿದ ಮರದ ಬ್ಯಾಟನ್ ಇಂದಿಗೂ ಮನೆಯಲ್ಲಿದೆ. ಹೆಂಡತಿ ಆದಿಲಕ್ಷ್ಮಿ ಅದರಲ್ಲಿ ಚಪಾತಿ ಲಟ್ಟಿಸುತ್ತಾಳೆ.

"ಲೇ ಶ್ರೀಧರ, ನಿಮ್ಮೂರಿನ ಸ್ಟೇಷನ್ನಿಗೆ ಏನು ಎಸರು? ಬಂಗಾರಪೇಟೆ ಜಂಕ್ಷನ್. ನಮ್ಮೂರಲ್ಲಿ ರೈಲ್ವೆಯೋರೇ 'ಚಾಂಪಿಯನ್' ಅಂತ ಒಂದು ಸ್ಟೇಷನ್ ಕಟ್ಟಿ ಬೋರ್ಡ್ ಆಕವ್ರೆ. ಗಣಿ ಮುಚ್ಚಿದ ಮೇಲೂ ಚಿನ್ನ ತರೋರು ನಾವು ಕಣ್ಲಾ!"

ಪಕ್ಕದ ಮೇಜಿನಿಂದ ಧಾರವಾಡ ಕಡೆಯ ಫೋರ್‌ಮನ್ ಚಂದನ್ ಕುರ್ಚಿ ಎಳೆದುಕೊಂಡು ಬಂದ. ಯಾರ ಜಗಳವಾದರೂ ಅದರಲ್ಲಿ ಪಾಲು ಕೇಳುವ ಮನುಷ್ಯ. "ಹಂಗಲ್ರೀ. ಓವರಾಲ್ ಚಾಂಪಿಯನ್ ಯಾರು ಅಂದ್ರ ಬರೀ ಓಟ ನೋಡೋದಲ್ಲ. ಹಾಕಿ, ಕಬಡ್ಡಿ, ಗುಂಡು ಎಸೆಯೋದು, ಎಲ್ಲಾ ಕೂಡಿಸಬೇಕ್ರಿ."

"ಕೂಡ್ಸಿ! ಹಾಕೀಲಿ ನಮ್ಮನ್ನ ಮುಟ್ಟೋರ್ಯಾರು?" ಎಂದ ಚಿರಂಜೀವಿ.

"ಕಬಡ್ಡೀಲಿ ನಮ್ಮನ್ನ?" ಎಂದ ಶ್ರೀಧರ.

"ಕೇರಂ ಸೇರಸ್ತೀರೋ ಇಲ್ಲೋ?" ಎಂದ ಚಂದನ್.

ಕ್ಯಾಂಟೀನು ಎರಡು ಪಕ್ಷವಾಯಿತು. ಕೊನೆಗೆ ಚಿರಂಜೀವಿ ಮಗಳಿಗೇ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಪಿಯುಸಿ ಮುಗಿಸಿದ್ದ ನವ್ಯ ಎಂಟುನೂರು ಮೀಟರಿನಲ್ಲಿ ಜಿಲ್ಲೆಗೇ ಮೊದಲಿಗಳು. ಅವಳು ಸುವರ್ಣಗಿರಿಯ ಬನಿಯನ್ ತೊಟ್ಟು ಓಡಬೇಕು, ತಾನು ಗ್ಯಾಲರಿಯಲ್ಲಿ ಕೂತು ಅಕ್ಕಪಕ್ಕದವರಿಗೆ 'ನನ್ನ ಮಗಳು, ನನ್ನ ಕಾಲೇಜು' ಅನ್ನಬೇಕು. ಚಿರಂಜೀವಿಗೆ ಬದುಕಿನಲ್ಲಿ ಇನ್ನೇನೂ ಬೇಕಿರಲಿಲ್ಲ.

"ಅಪ್ಪ, ಸೋಮವಾರ ಅಡ್ಮಿಷನ್ನಿಗೆ ಕೊನೇ ದಿನ" ಎಂದಳು ನವ್ಯ. "ಕೊನೇ ಸಲ ಓವರಾಲ್ ಗೆದ್ದೋರು ಯಾರೋ ಅಲ್ಲಿ ಸೇರ್ತೀನಿ. ಅದ್ಯಾರು ಅಂತ ನೀವೂ ಮಾವನೂ ಸಂಜೆಯೊಳಗೆ ತೀರ್ಮಾನ ಮಾಡ್ಕೊಳ್ಳಿ."

ಕೊನೇ ಸಲ ಗೆದ್ದವರು ಯಾರು? ಇದೇ ಕಗ್ಗಂಟು. ಸುತ್ತಲಿನ ಕಾಲೇಜುಗಳೆಲ್ಲ ಸೇರಿ ಹಿಂದೆ ವರ್ಷಕ್ಕೊಮ್ಮೆ ಕ್ರೀಡಾಕೂಟ ನಡೆಸುತ್ತಿದ್ದವು. ಒಟ್ಟಾರೆ ಹೆಚ್ಚು ಅಂಕ ಪಡೆದವರಿಗೆ ಬಾಗಿಲಗಲದ ಒಂದು ಶೀಲ್ಡು. ಮರುವರ್ಷ ಬೇರೆಯವರು ಗೆದ್ದರೆ ಅದು ಅವರ ಪಾಲು. ಕೊರೊನಾ ಕಾಲದಲ್ಲಿ ನಿಂತ ಕೂಟ ಮತ್ತೆ ಏಳಲೇ ಇಲ್ಲ. ಕೊನೆಗೆ ಗೆದ್ದವರು ನಾವೇ ಎಂದು ಎರಡೂ ಊರಿನವರು ಹೇಳುತ್ತಿದ್ದರು. ಶೀಲ್ಡನ್ನು ಮಾತ್ರ ಆಮೇಲೆ ಕಂಡವರಿಲ್ಲ.

ಶ್ರೀಧರ ಜಂಕ್ಷನ್ ಕಾಲೇಜಿನ ವ್ಯಾಯಾಮದ ಮೇಷ್ಟರು ಬೈರಪ್ಪನವರಿಗೆ ಫೋನು ಮಾಡಿದ. ಆ ಕಡೆಯಿಂದ ಗಂಭೀರವಾದ ದನಿ ಬಂತು: "ಗೆದ್ದಿದ್ರೆ ಶೀಲ್ಡು ಇರ್ಬೇಕಲ್ಲಪ್ಪಾ? ತಂದು ತೋರ್ಸೋಕೇಳು. ಸಂಜೆ ಸ್ಟೇಷನ್ ಎದುರಿನ ಪಾನಿಪೂರಿ ಗಾಡಿ ಹತ್ರ ಇರ್ತೀನಿ. ತೋರ್ಸಿದ್ರೆ ನಾನೇ ಎಲ್ಲರ ಮುಂದೆ ಸೋತೆ ಅಂತೀನಿ."

ಅರ್ಧ ದಿನದ ಸೈರನ್ ಕೂಗುತ್ತಲೇ ಚಿರಂಜೀವಿ ಸುವರ್ಣಗಿರಿ ಕಾಲೇಜಿಗೆ ಓಡಿದ. ಪ್ರಿನ್ಸಿಪಾಲರು ಮನೆಗೆ ಹೋಗಿದ್ದರು. ಅವನ ಕಾಲದಿಂದಲೂ ಇರುವ ಅಟೆಂಡರ್ ಸೊಣ್ಣಪ್ಪ ಬಾಗಿಲು ಹಾಕುತ್ತಿದ್ದ. ಶೀಲ್ಡಿನ ಮಾತೆತ್ತಿದ್ದೇ ತಡ, ಸೊಣ್ಣಪ್ಪ ಆಚೀಚೆ ನೋಡಿ ದನಿ ತಗ್ಗಿಸಿದ.

"ಐತೆ ಕಣಪ್ಪಾ. ಸುಣ್ಣದ ಮೂಟೆ ಇಂದೆ ಗೋಣಿ ಸುತ್ತಿ ಮಡಗಿದೀನಿ. ಯಾರ್ಗೂ ತೋರಿಸ್ಬ್ಯಾಡ, ಯಾರ್ಗೂ ಏಳ್ಬ್ಯಾಡ ಅಂತ ಸಾಹೇಬ್ರು ಆಣೆ ಆಕ್ಸವ್ರೆ."

"ಯಾಕಣ್ಣಾ?"

"ನಂಗೇನ್ ಗೊತ್ತು? ಬೆಲೆಬಾಳೋ ವಸ್ತ ಅಲ್ವಾ!"

ಚಿರಂಜೀವಿಗೆ ಅದು ಸರಿಯೆನ್ನಿಸಿತು. ಚಿನ್ನದ ಊರು, ಹಿತ್ತಾಳೆಯನ್ನೂ ಬಚ್ಚಿಡುವುದು ಅಭ್ಯಾಸವಾಗಿದೆ. ಗೋಣಿ ಬಿಚ್ಚಿದ. ಶೀಲ್ಡಿನ ಅಂಚಿನಲ್ಲಿ ವರ್ಷಕ್ಕೊಂದರಂತೆ ಗೆದ್ದವರ ಹೆಸರಿನ ಹಿತ್ತಾಳೆ ಬಿಲ್ಲೆಗಳು. ಕೊನೆಯದರಲ್ಲಿ ಸುವರ್ಣಗಿರಿ! ಮೇಲಿನ ಸಾಲಿನಲ್ಲಿ ತಾನು ಓಡಿದ ವರ್ಷದ ಬಿಲ್ಲೆ ಸಿಕ್ಕಿತು. ಅಂಗಿಯ ತುದಿಯಿಂದ ಉಜ್ಜಿದ, ಹಳದಿ ಹೊಳೆಯಿತು. ಆ ದಿನದ ಧೂಳು, ಕೂಗು, ಅಂಗೈಗೆ ಬ್ಯಾಟನ್ ಬಡಿದ ಚುರುಕು ಎಲ್ಲ ನೆನಪಾಗಿ ಚಿರಂಜೀವಿಯ ಕಣ್ಣು ತುಂಬಿತು.

"ಸೊಣ್ಣಪ್ಪಣ್ಣ, ಒಂದೇ ಒಂದು ಸಂಜೆಗೆ ಕೊಡು. ಕಾಲೇಜಿನ ಮಾನದ ಪ್ರಶ್ನೆ."

"ಗೆದ್ದ ದಿನ ಇದನ್ನ ತಲೆಮೇಲೆ ಒತ್ಕೊಂಡ್ ಬಂದೋನು ನಾನೇ ಕಣ್ಲಾ" ಎಂದು ಸೊಣ್ಣಪ್ಪನೂ ಕಣ್ಣು ಮೂಗು ಒರೆಸಿಕೊಂಡ. "ತಗೊಂಡೋಗು. ನಾಕ್ ಜನ ನೋಡ್ಲಿ."

ಊರಿನ ಕೊನೇ ಸ್ಟೇಷನ್ ಮಾರಿಕುಪ್ಪಂನಲ್ಲಿ ಬಂಗಾರಪೇಟೆಯ ರೈಲು ಹತ್ತುವಾಗ ಶೀಲ್ಡು ಬಾಗಿಲಲ್ಲಿ ಅಡ್ಡಲಾಗಿ ಸಿಕ್ಕಿಕೊಂಡಿತು. ಹಿಂದಿನವರು ತಳ್ಳಿದರು, ಒಳಗಿನವರು ಎಳೆದರು, ನಡುವೆ ಚಿರಂಜೀವಿಯ ಅಂಗಿಯ ಗುಂಡಿಗಳು ಹಾರಿದವು. ಸೊಪ್ಪು ಮಾರಿ ಬಂಗಾರಪೇಟೆಗೆ ಮರಳುತ್ತಿದ್ದ ಕದಿರಮ್ಮ ಗೋಣಿಯೊಳಗಿನದನ್ನು ತಟ್ಟಿ ನೋಡಿದಳು.

"ಏಮ್ ನಾಯ್ನಾ, ಬಾಗ್ಲು ಎಲ್ಲಿಗೆ ಒಯ್ತಿದೀಯ? ಒಳ್ಳೇ ಮರ." ಹೇಳುತ್ತಲೇ ತನ್ನ ಖಾಲಿ ಬುಟ್ಟಿಗಳನ್ನು ಅದರ ಮೇಲಿಟ್ಟಳು.

"ಬಾಗ್ಲಲ್ಲಮ್ಮಾ!" ಎಂದು ಚಿರಂಜೀವಿ ಗೋಣಿ ಸರಿಸಿದ. ಮಫ್ಲರ್ ಸುತ್ತಿಕೊಂಡು ಎದುರಿಗೆ ಕೂತಿದ್ದ ತಮಿಳು ತಾತ ಹಿತ್ತಾಳೆಯ ಹೆಸರುಗಳನ್ನು ಕಂಡು ಕೈಮುಗಿದ.

"ಅಯ್ಯೋ ಪಾವಂ. ಯಾರ್ ಸಾರ್ ತೀರ್ಕೊಂಡಿದ್ದು?"

"ಯಾರೂ ತೀರ್ಕೊಂಡಿಲ್ಲ ತಾತ! ಇದು ಓವರಾಲ್ ಶೀಲ್ಡು. ಆಟದಲ್ಲಿ ಎಲ್ಲಾ ಕಾಲೇಜಿಗಿಂತ ನಮ್ದೇ ದೊಡ್ಡದು ಅನ್ನೋಕೆ ಸಾಕ್ಷಿ."

ಕದಿರಮ್ಮ ಒಪ್ಪಲಿಲ್ಲ. "ಓಡೋದ್ರಲ್ಲಿ ನಮ್ಮ ಬಂಗಾರಪೇಟೆ ಉಡುಗ್ರೇ ಕಣಪ್ಪ. ದಿನಾ ಬೆಂಗ್ಳೂರ್ ಗಾಡಿ ಇಡಿಯಾಕೆ ಎಂಗೋಡ್ತಾವೆ ನೋಡಿದೀಯಾ?"

ಅದನ್ನು ನೋಡುವ ಭಾಗ್ಯ ಅವನಿಗೆ ಕೂಡಲೇ ಸಿಕ್ಕಿತು. ಬಂಗಾರಪೇಟೆಯಲ್ಲಿ ಇಳಿಯುವ ಹೊತ್ತಿಗೆ ಬೆಂಗಳೂರು ಗಾಡಿ ಆಚೆಯ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತ್ತು. ಜನ ಮೇಲ್ಸೇತುವೆಗೆ ನುಗ್ಗಿತು. ಆ ನೂಕಿನಲ್ಲಿ ಚಿರಂಜೀವಿ ಶೀಲ್ಡನ್ನು ಎದೆಗವಚಿಕೊಂಡು, ತಾನು ಓಡುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯದೆ ಮೆಟ್ಟಿಲು ಹತ್ತಿ, ಇಳಿಯುವಾಗ ಜಾರಿ ಕೂತ. ಪ್ಯಾಂಟು ಹಿಂಬದಿಯಲ್ಲಿ ಪರ್ರೆಂದು ಹರಿಯಿತು. ಶೀಲ್ಡಿಗೆ ಒಂದು ಗೀರೂ ಬೀಳಲಿಲ್ಲ. ಅವನು ಅದನ್ನೇ ಬೆನ್ನಹಿಂದೆ ತಗ್ಗಿಸಿ ಹಿಡಿದು, ಮಾನ ಮುಚ್ಚಿಕೊಂಡು ಊರು ಪ್ರವೇಶ ಮಾಡಿದ. ಹಿಂದಿನಿಂದ ಬರುವವರೆಲ್ಲ ಸುವರ್ಣಗಿರಿಯ ಹೆಸರನ್ನು ಓದುತ್ತಿದ್ದರು, ಅದೊಂದು ಸಮಾಧಾನ.

ಪಾನಿಪೂರಿ ಗಾಡಿಯ ಮುಂದೆ ಆಗಲೇ ಜಾತ್ರೆ. ಶ್ರೀಧರ ಕಾಲೇಜಿನ ಹುಡುಗರನ್ನೆಲ್ಲ ಕರೆತಂದಿದ್ದ. ತೀರ್ಪು ಕೇಳಲು ಮೊದಲೇ ಬಂದಿಳಿದಿದ್ದ ನವ್ಯ ಮಾವನ ಪಕ್ಕದಲ್ಲಿ ನಿಂತು ಪೂರಿ ತಿನ್ನುತ್ತಿದ್ದಳು. ನಡುವೆ ಕೊರಳಿಗೆ ಸೀಟಿ ನೇತುಹಾಕಿಕೊಂಡ ಬೈರಪ್ಪ ಮೇಷ್ಟರು.

"ತಗೊಳ್ಳಿ ಮೇಷ್ಟ್ರೇ, ಓದಿ!" ಎಂದು ಚಿರಂಜೀವಿ ಶೀಲ್ಡನ್ನು ಗಾಡಿಗೆ ಒರಗಿಸಿ, ತಾನು ಗೋಡೆಗೆ ಒರಗಿದ.

ಮೇಷ್ಟರು ಕೊನೆಯ ಬಿಲ್ಲೆ ಓದಿದರು. ವಾದ ಮಾಡಲಿಲ್ಲ, ಅಂಕದ ಲೆಕ್ಕ ಕೇಳಲಿಲ್ಲ, ಕೇರಂ ಎತ್ತಲಿಲ್ಲ. ಸೀಟಿ ಊದಿ ಎರಡೂ ಕೈ ಎತ್ತಿದರು. "ಒಪ್ಕೊಂಡೆ! ಓವರಾಲ್ ಚಾಂಪಿಯನ್ ಸುವರ್ಣಗಿರಿ ಕಾಲೇಜು! ಚಿರಂಜೀವಿಯೋರಿಗೆ ಜೈ!"

ಹುಡುಗರು ಕೂಗಿದರು. ಯಾರೋ ಸೇವಂತಿಗೆ ಹಾರ ತಂದು ಹಾಕಿದರು. ಚಿರಂಜೀವಿ ಒಂದು ಕೈಯಲ್ಲಿ ಶೀಲ್ಡು, ಇನ್ನೊಂದರಲ್ಲಿ ಪ್ಯಾಂಟು ಹಿಡಿದುಕೊಂಡು ಫೋಟೋಗೆ ನಿಂತ. ಅವನ ಎದೆ ಹಿಗ್ಗಿದ ರೀತಿ ನೋಡಿದರೆ ಉಳಿದ ಗುಂಡಿಗಳಿಗೂ ಅಪಾಯವಿತ್ತು. ಶ್ರೀಧರ ಮಾತ್ರ ಪೆಚ್ಚಾಗಿದ್ದ. "ಇಷ್ಟ್ ಬೇಗ ಸೋತ್ಬಿಟ್ರಾ ಮೇಷ್ಟ್ರೇ?" ಎಂದು ಗೊಣಗಿದ.

ಫೋಟೋ ವಾಟ್ಸಾಪಿನಲ್ಲಿ ಹಾರಿಹೋಗಿ ಪೂರಿ ಒಂದು ಸುತ್ತು ಮುಗಿದಿರಲಿಲ್ಲ, ಚಿರಂಜೀವಿಯ ಫೋನು ಬಡಿದುಕೊಂಡಿತು. ಸುವರ್ಣಗಿರಿಯ ಪ್ರಿನ್ಸಿಪಾಲರು.

"ರೀ ಮಹಾನುಭಾವ! ಇಷ್ಟು ವರ್ಷ ಆ ಶೀಲ್ಡನ್ನ ಕಣ್ಣಲ್ಲಿ ಕಣ್ಣಿಟ್ಟು ಕಾದು ಬಚ್ಚಿಟ್ಟಿದ್ದೆ. ಬೀದಿಗೆ ತಂದ್ರಲ್ಲ! ತಂದೋರೇ ಅನುಭವಿಸಿ!"

ಫೋನು ಕಟ್ಟಾಯಿತು. ಚಿರಂಜೀವಿ ಮೇಷ್ಟರ ಮುಖ ನೋಡಿದ. ಮೇಷ್ಟರು ಪೂರಿಗೆ ಪಾನಿ ತುಂಬಿಸಿಕೊಳ್ಳುತ್ತ ಶಾಂತವಾಗಿ ಹೇಳಿದರು:

"ನಿಮ್ಗೆ ಪದ್ಧತಿ ಗೊತ್ತಿಲ್ವಾ? ಶೀಲ್ಡು ಯಾರತ್ರ ಇರ್ತದೋ ಮುಂದಿನ ಕೂಟ ಅವ್ರೇ ನಡೆಸ್ಬೇಕು. ಗೆದ್ದು ಒಳಗಿಟ್ಟ ಮೇಲೆ ಅದನ್ನ ಮತ್ತೆ ಒತ್ಕೊಂಡು ಬಂದು ಮೈದಾನದಲ್ಲೋ ಬೀದೀಲೋ ನಾಕ್ ಜನಕ್ಕೆ ತೋರಿಸ್ತಾನಲ್ಲ, ಅವ್ನೇ ಕಾರ್ಯದರ್ಶಿ. ಮೈದಾನಕ್ಕೆ ಸುಣ್ಣ ಆಕ್ಸೋದು, ಮೈಕು, ಶಾಮಿಯಾನ, ಉಡುಗ್ರಿಗೆ ಊಟ, ಮಂತ್ರಿಗೆ ಆರ, ಎಲ್ಲಾ ಅವನ ತಲೆಮೇಲೆ. ಶೀಲ್ಡ್ ಎಲ್ಲಿ ಅಂತ ಕೇಳಿದಾಗೆಲ್ಲ ನಿಮ್ ಪ್ರಿನ್ಸಿಪಾಲರು ಕಳ್ದೋಯ್ತು ಅಂತಿದ್ರು. ಕೂಟ ಇಲ್ದೆ ನಮ್ಮ ಉಡುಗ್ರು ಕಾಲಿಗೆ ತುಕ್ಕು ಇಡಿಸ್ಕೊಂಡು ಕೂತವ್ರೆ. ನಿಮ್ಮಂಥ ಅಭಿಮಾನಿ ಒಬ್ರು ಸಿಗ್ಲಿ ಅಂತ ಕಾಯ್ತಿದ್ದೆ. ಡಿಸೆಂಬರಲ್ಲಿ ಇಟ್ಕೊಳಿ, ಚಳಿ ಚೆನ್ನಾಗಿರ್ತದೆ."

ಬೇಲಿಯಲ್ಲಿ ಹೋಗುವ ಓತಿಕ್ಯಾತವನ್ನು ಎತ್ತಿ ಮೈಮೇಲೆ ಬಿಟ್ಟುಕೊಂಡಿದ್ದ ಚಿರಂಜೀವಿ ಬೆವರಿದ. ಮಗಳ ಹುಟ್ಟುಹಬ್ಬಕ್ಕೆ ಶಾಮಿಯಾನ ಹಾಕಿಸಿದ ದಿನವೇ ಅದು ಅತಿಥಿಗಳ ಮೇಲೆ ಬಿದ್ದಿತ್ತು. ಇನ್ನು ಇಡೀ ಕ್ರೀಡಾಕೂಟ!

ಮೇಷ್ಟರಿಗೆ ಕನಿಕರ ಬಂತು. "ಬ್ಯಾಡಾಂದ್ರೆ ಒಂದು ದಾರಿ ಐತೆ. 'ಇದು ನಮ್ದಲ್ಲ, ಬಿಲ್ಲೆ ತಪ್ಪಾಗೈತೆ, ನಿಜವಾಗ್ಲೂ ಗೆದ್ದೋರು ಬಂಗಾರಪೇಟೆಯೋರು' ಅಂತ ಇಲ್ಲೇ ಏಳ್ಬಿಡಿ. ನಾನೇ ಇಟ್ಕೊಂಡು ನಾನೇ ಕೂಟ ಮಾಡ್ತೀನಿ."

ಒಂದು ಮಾತು ಹೇಳಿದರೆ ಮುಗಿಯಿತು. ಚಿರಂಜೀವಿ ಬಾಯಿ ತೆರೆದ. ಕಣ್ಣು ತಾನೇ ಉಜ್ಜಿದ್ದ ಬಿಲ್ಲೆಯ ಮೇಲೆ ಬಿತ್ತು. ಸಂಜೆಯ ಬಿಸಿಲಿಗೆ ಅದೊಂದೇ ಹೊಳೆಯುತ್ತಿತ್ತು. ಅವನಿಗೆ ಸೊಣ್ಣಪ್ಪನ ಒದ್ದೆ ಕಣ್ಣು ನೆನಪಾಯಿತು.

"ಆಗಲ್ಲ ಮೇಷ್ಟ್ರೇ" ಎಂದ. "ಗೆದ್ದೋರು ನಾವೇ. ಸುಣ್ಣ ನಾನೇ ಆಕ್ತೀನಿ, ಶಾಮಿಯಾನದ ಕಂಬ ನಾನೇ ಇಡ್ಕೊಂಡು ನಿಂತ್ಕೋತೀನಿ. ಸುಳ್ಳು ಮಾತ್ರ ಏಳಲ್ಲ."

ಈ ಸಲ ಚಪ್ಪಾಳೆ ತಾನಾಗಿ ಬಿತ್ತು. ಶ್ರೀಧರನೂ ತಟ್ಟಿದ. ನವ್ಯ ಬಂದು ಅಪ್ಪನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ಹೆಮ್ಮೆ ಕಂಡ ಚಿರಂಜೀವಿಗೆ ಪ್ಯಾಂಟು ಹರಿದದ್ದೂ ಮರೆತುಹೋಯಿತು.

"ಹಾಗಾದ್ರೆ ಸೋಮವಾರ ಸುವರ್ಣಗಿರೀಲಿ ಅಡ್ಮಿಷನ್ನು, ಅಲ್ವಾಮ್ಮಾ?"

"ಇಲ್ಲಪ್ಪ. ಬಂಗಾರಪೇಟೇಲಿ."

"ಯಾಕಮ್ಮಾ? ಗೆದ್ದೋರ ಕಾಲೇಜಿಗೆ ಸೇರ್ತೀನಿ ಅಂದಿದ್ದೆ!"

"ಅಂದಿದ್ದೆ. ಆಮೇಲೆ ಪದ್ಧತಿ ಕೇಳಿದ್ನಲ್ಲ" ಎಂದಳು ನವ್ಯ, ಸಣ್ಣ ಮಗುವಿಗೆ ಹೇಳುವಂತೆ. "ನಾನು ನಿಮ್ಮ ಕಾಲೇಜಿಗೆ ಸೇರಿ ಡಿಸೆಂಬರಲ್ಲಿ ಗೆದ್ರೆ ಶೀಲ್ಡು ಅಲ್ಲೇ ಉಳೀತದೆ. ಪ್ರಿನ್ಸಿಪಾಲರು ಮತ್ತೆ ನಿಮ್ಮನ್ನೇ ಇಡ್ಕೋತಾರೆ. ಮೂರು ವರ್ಷ ನಾನು ಗೆಲ್ತಾ ಇದ್ರೆ ಮೂರು ವರ್ಷ ನೀವು ಸುಣ್ಣ ಆಕ್ತಾ ಇರ್ಬೇಕು. ಇಲ್ಲಿ ಸೇರಿ ಗೆದ್ದು, ಅದನ್ನ ಈ ಊರಿಗೆ ತಂದ್ಬಿಟ್ರೆ ನಿಮಗೆ ಬಿಡುಗಡೆ. ನಿಮಗೋಸ್ಕರಾನೇ ಅಪ್ಪ."

ಮೇಷ್ಟರ ಸೀಟಿ ಸಂತೋಷಕ್ಕೆ ತಾನಾಗಿ ಊದಿಕೊಂಡಿತು.

ಮಾರಿಕುಪ್ಪಂ ಕಡೆಯ ಗಾಡಿಯಲ್ಲಿ ಅಪ್ಪ ಮಗಳು ಕೂತರು. ಸೇವಂತಿಗೆ ಹಾರ ಕೊರಳಿಗೆ ಚುಚ್ಚುತ್ತಿತ್ತೆಂದು ಚಿರಂಜೀವಿ ತೆಗೆದು ಶೀಲ್ಡಿಗೆ ಹಾಕಿದ್ದ. ಎದುರಿಗೆ ಬಂದು ಕೂತದ್ದು ಅದೇ ಮಫ್ಲರಿನ ತಾತ. ಹಾರ ಕಂಡವನೇ ಮಫ್ಲರ್ ಬಿಚ್ಚಿ ಎದೆಗೆ ಹಿಡಿದುಕೊಂಡ.

"ನಾನ್ ಆಗ್ಲೇ ಕೇಳ್ದೆನಲ್ಲ ಸಾರ್! ಯಾರೋ ತೀರ್ಕೊಂಡವ್ರೆ ಅಂತ. ನೀವು ಇಲ್ಲ ಅಂದ್ರಿ."

"ಇಲ್ಲ ತಾತ, ಇದು ಗೆದ್ದ ಆರ" ಎಂದ ಚಿರಂಜೀವಿ, ಬೆನ್ನು ನೆಟ್ಟಗೆ ಮಾಡಿಕೊಂಡು. "ಓವರಾಲ್ ಚಾಂಪಿಯನ್, ನಮ್ಮ ಕಾಲೇಜು."

"ನಲ್ಲದು ಸಾರ್. ಯಾವ್ ಕಾಲೇಜು?"

ಚಿರಂಜೀವಿ ಮಗಳ ಕಡೆ ನೋಡಿದ. ಕಿಟಕಿಯಾಚೆ ನೋಡುತ್ತಿದ್ದ ಅವಳ ಕಾಲು ಆಗಲೇ ಓಟದ ಲಯದಲ್ಲಿ ನೆಲ ತಟ್ಟುತ್ತಿತ್ತು. ಈ ಹುಡುಗಿ ಗೆದ್ದೇ ಗೆಲ್ಲುತ್ತಾಳೆ ಎಂದು ಅವನಿಗೆ ಅನುಮಾನವೇ ಇರಲಿಲ್ಲ.

"ಇವತ್ತಿಂದು ಕೇಳ್ತಿದ್ದೀರಾ ತಾತ" ಎಂದ, "ಡಿಸೆಂಬರ್ದಾ?"